ಹೆತೆಪಿಗೆ ಬರೆದ ಬೋಗುಣಿ

ದೆದಿ ಶೆಮಾಯಿಯ ಮನೆಗೆ ಮೊದಲ ಸಲ ಬಂದ ದಿನ, ಮೂಲೆಯಲ್ಲಿ ತನ್ನ ಪಾಡಿಗೆ ಇದ್ದ ಹೆಂಡದ ಮಡಕೆ ಯಾರೂ ಮುಟ್ಟದೆ ಬಿರುಕು ಬಿಟ್ಟು ನೆಲವೆಲ್ಲ ತೊಯ್ದಿತು. ಎರಡನೆಯ ಸಲ ಬಂದಾಗ ಹಿತ್ತಲಿನ ಹೆಬ್ಬಾತು ಅವಳ ಮೀನಖಂಡಕ್ಕೆ ಬಾಯಿ ಹಾಕಿದ್ದು, ಶೆಮಾಯಿ ಗುದ್ದಲಿಯ ಕಾವಿನಿಂದ ತಿವಿದು ಬಿಡಿಸುವ ತನಕ ಬಿಡಲಿಲ್ಲ. ಮೂರನೆಯ ಸಲ ಹೊಸ್ತಿಲು ದಾಟುವಾಗ ಸೂರಿನಿಂದ ಒಂದು ಚೇಳು ಅವಳ ಹೆಗಲ ಮೇಲೆ ಬಿತ್ತು. ಕುಟುಕಲಿಲ್ಲ. ಬಿದ್ದು, ಒಂದು ಗಳಿಗೆ ಅಲ್ಲೇ ಕೂತು, ಇಳಿದು ಹೋಯಿತು. ಕುಟುಕಿದ್ದರೆ ಅದು ಬರೀ ಚೇಳು ಎಂದು ದೆದಿ ಸುಮ್ಮನಾಗುತ್ತಿದ್ದಳೇನೋ. ಏನೋ ಹೇಳಿ ಹೋಗಲು ಬಂದಂತೆ ಬಂದು ಹೋದದ್ದೇ ಅವಳನ್ನು ಹೆದರಿಸಿತು.

“ಇದು ನಿನ್ನ ಹೆಂಡತಿ ಕೆಲಸ,” ಎಂದಳು ದೆದಿ, ಅಂಗಳಕ್ಕೆ ಇಳಿದು ನಿಂತು.

ಶೆಮಾಯಿ ಇಲ್ಲವೆನ್ನಲಿಲ್ಲ. ಹೆತೆಪಿ ತೀರಿಕೊಂಡು ಮೂರು ಸುಗ್ಗಿ ಕಳೆದಿತ್ತು. ಇಪ್ಪತ್ತೆರಡು ವರ್ಷ ಅವಳ ಜೊತೆ ಬಾಳಿದವನಿಗೆ ಅವಳ ಕೈ ಎಲ್ಲಿದೆ, ಎಲ್ಲಿಲ್ಲ ಎಂದು ಗೊತ್ತಾಗದೆ ಇರುತ್ತದೆಯೆ. ಮಡಕೆ, ಹೆಬ್ಬಾತು, ಚೇಳು, ಮೂರರಲ್ಲೂ ಅವಳ ಮಾತಿನ ಧಾಟಿಯೇ ಕೇಳಿಸಿತ್ತು.

“ಹಂಗಾದರೆ ಏನು ಮಾಡೋಣ ಹೇಳು,” ಎಂದ.

“ಅವಳಿಗೆ ಓಲೆ ಬರೆಸು. ಒಪ್ಪಿಗೆ ತಗೋ. ನನ್ನ ತಮ್ಮ ನಖ್ತನ ದೋಣಿ ಇನ್ನು ಹತ್ತು ದಿನಕ್ಕೆ ಇಲ್ಲಿಗೆ ಬರ್ತದೆ. ಅವನ ಹೆಂಡತಿ ಹೋದ ಮೇಲೆ ಐದು ಮಕ್ಕಳನ್ನ ನೋಡ್ಕೊಳೋರಿಲ್ಲ, ಬಾ ಅಕ್ಕಾ ಅಂತ ಎರಡು ಸಲ ಹೇಳಿ ಕಳಿಸಿದಾನೆ. ಹೊಳೆ ಏರಿದರೆ ಮತ್ತೆ ನಾಕು ತಿಂಗಳು ಅವನು ಈ ಕಡೆ ಬರೋದಿಲ್ಲ. ಹೆತೆಪಿ ಹೂಂ ಅಂದರೆ ನಿನ್ನ ಮನೆ. ಇಲ್ಲಾಂದ್ರೆ ದೋಣಿ ಹತ್ತತೀನಿ.”

ಇಷ್ಟು ಹೇಳಿ ಕಾಲುವೆಯ ಆಚೆ ಇದ್ದ ತನ್ನ ಹೆಂಡದ ಮನೆಗೆ ಹೋದಳು. ಶೆಮಾಯಿ ಅವಳು ಹೋಗುವುದನ್ನೇ ನೋಡುತ್ತ ನಿಂತ. ದೆದಿಗೆ ನಲವತ್ತು ದಾಟಿತ್ತು, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಆದರೆ ಅವನು ಮಾತಾಡುವಾಗ ಅವನ ವಾಕ್ಯ ಮುಗಿಯುವ ತನಕ ಕಾಯುತ್ತಿದ್ದ ಹೆಂಗಸು ಅವನ ಜೀವಮಾನದಲ್ಲಿ ಅವಳೊಬ್ಬಳೇ. ಅಂಥವಳು ದೋಣಿ ಹತ್ತಿ ಹೋಗಿಬಿಟ್ಟರೆ ಮತ್ತೆ ಎಲ್ಲಿಂದ ತರುವುದು.

ಸತ್ತವರಿಗೆ ಓಲೆ ಬರೆಸುವುದು ಪೆರ್ಖೇನು ಊರಿನಲ್ಲಿ ಹೊಸ ಮಾತೇನಲ್ಲ. ಹಸು ಗಬ್ಬ ನಿಲ್ಲದಿದ್ದರೆ ತಾತನಿಗೆ ಬರೆಸುತ್ತಿದ್ದರು. ಮಗುವಿಗೆ ಜ್ವರ ಬಿಡದಿದ್ದರೆ ಅತ್ತೆಗೆ ಬರೆಸುತ್ತಿದ್ದರು. ಮಣ್ಣಿನ ಬೋಗುಣಿಯ ಒಳಗೆ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ತಳದ ತನಕ ಬರೆಸಿ, ಅದರಲ್ಲಿ ಊಟ ತುಂಬಿ, ಪಡುವಣ ಗುಡ್ಡದ ಗೋರಿಯ ಮುಂದೆ ಇಟ್ಟು ಬರುವುದು. ಸತ್ತವರು ಮೊದಲು ಉಣ್ಣುತ್ತಾರೆ, ಬೋಗುಣಿ ಬರಿದಾದಂತೆ ಓಲೆ ಕಾಣುತ್ತದೆ. ಹೊಟ್ಟೆ ತುಂಬಿದವರ ಹತ್ತಿರ ಕೇಳಿದರೆ ಕೆಲಸ ಆಗುತ್ತದೆ ಎಂಬುದು ನೈಲ್ ಹೊಳೆಯ ಎರಡೂ ದಡದವರಿಗೆ ಗೊತ್ತಿದ್ದದ್ದೇ.

ಬರೆಯುವವನು ಊರಿಗೆಲ್ಲ ಒಬ್ಬನೇ, ಲಿಪಿಕಾರ ಇಕೇರ. ಪೇಟೆಯ ಕಚೇರಿಯಲ್ಲಿ ಅವನಂಥ ಹದಿನೆಂಟು ಜನ ಚಾಪೆಯ ಮೇಲೆ ಸಾಲಾಗಿ ಕೂತಿರುತ್ತಿದ್ದರು, ಅಲ್ಲಿ ಅವನು ಬಾಗಿಲ ಹತ್ತಿರದ ಕೊನೆಯವನು. ಆದರೆ ಪೆರ್ಖೇನಿನಲ್ಲಿ ಅವನು ಬೀದಿಗೆ ಬಂದರೆ ಕತ್ತೆಯ ಮೇಲಿದ್ದವರು ಇಳಿಯುತ್ತಿದ್ದರು. ಕಾಲುವೆ ತೋಡುವ ಬಿಟ್ಟಿಕೆಲಸಕ್ಕೆ ಯಾರು ಹೋಗಬೇಕೆಂದು ಹೆಸರು ಬರೆಯುವವನು ಅವನು, ಹಾಗಾಗಿ ಅವನ ಹೆಸರು ಆ ಪಟ್ಟಿಯಲ್ಲಿ ಬರುತ್ತಿರಲಿಲ್ಲ. ಮಡಿಕೆ ಮುರಿಯದ ಬಿಳಿ ನಾರುಬಟ್ಟೆ, ಮೆತ್ತಗಿನ ಅಂಗೈ, ಹೊಟ್ಟೆಯ ಮೇಲೆ ಮೂರು ಸುಕ್ಕು. ಆ ಮೂರು ಸುಕ್ಕಿನ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಹೊಲ ಉಳುವವರಲ್ಲಿ ಒಬ್ಬನಿಗೂ ಒಂದು ಸುಕ್ಕೂ ಇರಲಿಲ್ಲ.

ಶೆಮಾಯಿ ಒಂದು ಬುಟ್ಟಿ ಈರುಳ್ಳಿ ಹೊತ್ತುಕೊಂಡು ಹೋದಾಗ ಇಕೇರ ಅತ್ತಿಮರದ ನೆರಳಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಜೊಂಡಿನ ಲೇಖನಿಯ ತುದಿಯನ್ನು ಜಗಿಯುತ್ತಿದ್ದ. ಲೇಖನಿಯನ್ನು ಮೆತ್ತಗೆ ಮಾಡುವುದಕ್ಕೆ ಜಗಿಯುವುದು. ಆದರೆ ಅದನ್ನು ಅವನು ಯಾವಾಗಲೂ ದೊಡ್ಡದೇನೋ ಯೋಚಿಸುವವನ ಹಾಗೆ ಜಗಿಯುತ್ತಿದ್ದ.

“ಕೂತ್ಕೋ,” ಎಂದ. ಚಾಪೆಯ ಮೇಲೆ ಅಲ್ಲ ಎಂಬುದನ್ನು ಹೇಳಬೇಕಾಗಿರಲಿಲ್ಲ. ಶೆಮಾಯಿ ನೆಲದ ಮೇಲೆ ಕೂತು ವಿಷಯ ಹೇಳಿದ.

ಇಕೇರ ಲಿಪಿಕಾರರ ದೇವರು ತೋತನ ಹೆಸರಿನಲ್ಲಿ ಎರಡು ಹನಿ ನೀರು ನೆಲಕ್ಕೆ ಚೆಲ್ಲಿ, ಮಸಿಯುಂಡೆಯ ಮೇಲೆ ಒಂದು ಹನಿ ಹಾಕಿ ತಿಕ್ಕಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಒಕ್ಕಣೆ ಹೇಳತೊಡಗಿದ. “ಪಶ್ಚಿಮದ ಒಡೆಯನ ಸನ್ನಿಧಿಯಲ್ಲಿ ಸುಖವಾಗಿ ನೆಲೆಸಿರುವ, ಬೆಳಕಿನ ದೋಣಿಯಲ್ಲಿ ಸ್ಥಾನ ಪಡೆದಿರುವ, ಸಾವಿರ ರೊಟ್ಟಿ ಸಾವಿರ ಮಡಕೆ ಹೆಂಡಕ್ಕೆ ಪಾತ್ರಳಾಗಿರುವ ಮಾನ್ಯ ಗೃಹಿಣಿ ಹೆತೆಪಿಯವರ ಪಾದದ ಧೂಳಿನಲ್ಲಿ ಹೊರಳಿ, ಅವರ ಅಲ್ಪನಾದ ಸೇವಕ ಶೆಮಾಯಿ ಮಾಡುವ ಬಿನ್ನಹವೇನೆಂದರೆ...”

ಶೆಮಾಯಿ ಕೈ ಎತ್ತಿದ.

“ಏನು?”

“ಅಯ್ಯಾ, ಇದು ಯಾರಿಗೆ?”

“ನಿನ್ನ ಹೆಂಡತಿಗೆ.”

“ಅವಳ ಹತ್ರ ನಾನು ಯಾವತ್ತೂ ಹಿಂಗೆ ಮಾತಾಡಿಲ್ಲ ಅಯ್ಯಾ. ಇದನ್ನ ಕೇಳಿದರೆ ಇವನು ಕುಡಿದು ಎಲ್ಲೋ ಬಿದ್ದಿದಾನೆ ಅಂತ ತಿಳ್ಕೊತಾಳೆ. ಇಲ್ಲಾಂದ್ರೆ ಏನೋ ತಪ್ಪು ಮಾಡಿದಾನೆ ಅಂತ.”

“ಓಲೆ ಅಂದಮೇಲೆ ಒಕ್ಕಣೆ ಇರಬೇಕಪ್ಪ. ನಿನ್ನ ಹೆಂಡತಿ ಹತ್ರ ನೀನು ಮಾತಾಡಿದಂಗೆ ಬರೆಯೋಕೆ ಹನ್ನೆರಡು ವರ್ಷ ಬೆತ್ತದೇಟು ತಿಂದು ಕಲೀಬೇಕಾ ನಾನು?”

ಅದೂ ನ್ಯಾಯವೇ ಎನಿಸಿತು ಶೆಮಾಯಿಗೆ. ಆದರೆ ಅವನಿಗೆ ಒಂದು ಯೋಚನೆ ತಲೆಗೆ ಬಂದರೆ ಎತ್ತು ಕೆಸರಲ್ಲಿ ಹೆಜ್ಜೆ ಕೀಳುವ ಹಾಗೆ, ಒಂದರ ಹಿಂದೆ ಇನ್ನೊಂದು ನಿಧಾನವಾಗಿ ಬರುತ್ತಿತ್ತು. ಸ್ವಲ್ಪ ಹೊತ್ತು ನೆಲ ಕೆರೆದ.

“ಇನ್ನೊಂದು ಮಾತು ಅಯ್ಯಾ. ಹೆತೆಪಿಗೆ ಓದೋಕೆ ಬರೋದಿಲ್ಲ.”

“ನಿನಗೂ ಬರೋದಿಲ್ಲ. ಅದಕ್ಕೇ ನಾನಿದೀನಿ.”

“ನೀವು ಇಲ್ಲಿದೀರಿ. ಅಲ್ಲಿ ಯಾರು ಓದಿ ಹೇಳ್ತಾರೆ?”

ಇಕೇರ ಲೇಖನಿಯನ್ನು ಬಾಯಿಗೆ ಹಾಕಿಕೊಂಡ. ಈ ಸಲ ನಿಜವಾಗಿಯೇ ಯೋಚಿಸುತ್ತಿದ್ದ. ಊರಿನವರು ಇಷ್ಟು ವರ್ಷ ಬೋಗುಣಿಗಳನ್ನು ಬರೆಸಿ ಗುಡ್ಡಕ್ಕೆ ಹೊತ್ತಿದ್ದರು, ಒಬ್ಬನೂ ಇದನ್ನು ಕೇಳಿರಲಿಲ್ಲ. ಗುಡ್ಡದಲ್ಲಿ ಮಲಗಿದ್ದವರೆಲ್ಲ ಉಳುವವರು, ಮೀನು ಹಿಡಿಯುವವರು, ಇಟ್ಟಿಗೆ ಹಾಕುವವರು, ಅವರ ಹೆಂಡಂದಿರು. ಒಬ್ಬರಿಗೂ ಒಂದಕ್ಷರ ಬರುತ್ತಿರಲಿಲ್ಲ.

“ಒಬ್ಬರು ಇದಾರೆ,” ಎಂದ ಇಕೇರ ಕೊನೆಗೆ. ಅವನ ಮುಖ ಹುಳಿ ತಿಂದ ಹಾಗಾಗಿತ್ತು.

“ಖುನೇಸಯ್ಯನೋರು,” ಎಂದ ಶೆಮಾಯಿ. ಅವನ ಮುಖವೂ ಹಾಗೇ ಆಯಿತು.

ಖುನೇಸ ಇಕೇರನಿಗಿಂತ ಮೊದಲು ಊರಿನ ಲಿಪಿಕಾರನಾಗಿದ್ದವನು, ಇಕೇರನ ಗುರು. ಸತ್ತು ಆರು ವರ್ಷವಾಗಿತ್ತು. ಓಲೆ ಓದುವಾಗ ತನಗೆ ತೋಚಿದ್ದನ್ನು ಓದುವ ಅಭ್ಯಾಸ ಅವನಿಗಿತ್ತು. ಒಮ್ಮೆ ಮೀನುಗಾರ ಸೆನಿ ಅವನನ್ನು ಕಂಡೂ ಕತ್ತೆಯಿಂದ ಇಳಿಯದೆ ಹೋಗಿದ್ದ. ಅದೇ ತಿಂಗಳು ಕಲ್ಲುಗಣಿಗೆ ಹೋಗಿದ್ದ ಸೆನಿಯ ಮಗ, ಚಪ್ಪಲಿ ಕಿತ್ತುಹೋಗಿವೆ, ಕೂಡಲೇ ಒಂದು ಜೊತೆ ಕಳಿಸು ಎಂದು ಓಲೆ ಬರೆಸಿದ. ಖುನೇಸ ಅದನ್ನು, ನಾನು ಕ್ಷೇಮ, ಏನೂ ಕಳಿಸಬೇಡ ಎಂದು ಓದಿದ. ಮಗ ಕಾದ ಮರಳಲ್ಲಿ ಬರಿಗಾಲಿನಲ್ಲಿ ಊರಿಗೆ ಬಂದು, ಒಂದು ವರ್ಷ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಅಂದಿನಿಂದ ಪೆರ್ಖೇನಿನಲ್ಲಿ ಲಿಪಿಕಾರನನ್ನು ಕಂಡರೆ ಕತ್ತೆಗಳೇ ತಾವಾಗಿ ನಿಲ್ಲುವುದನ್ನು ಕಲಿತವು.

ಇಂಥ ಖುನೇಸನಿಗೂ ಹೆತೆಪಿಗೂ ಎಣ್ಣೆ ಸೀಗೇಕಾಯಿ. ಬಿಟ್ಟಿಕೆಲಸದ ಪಟ್ಟಿ ಬರೆಯಲು ಬಂದವನು ಅವಳ ಅಂಗಳದಲ್ಲೇ ಕೂತು ಮೂರು ಮಡಕೆ ಹೆಂಡ ಖಾಲಿ ಮಾಡಿ, ಬಾತುಕೋಳಿ ಮಿಂದ ನೀರಿನ ಹಾಗಿದೆ ಎಂದಿದ್ದ. ಹೆತೆಪಿ ನಾಲ್ಕನೆಯ ಮಡಕೆಯನ್ನು ತಂದು, ಅವನ ತೊಡೆಯ ಮೇಲೆ ಹರಡಿದ್ದ ಹಾಳೆಯ ಮೇಲೆ ಸುರಿದಳು. ಅರವತ್ತು ಹೆಸರು ಮಸಿಯಾಗಿ ಅವನ ಮೊಣಕಾಲಿನಿಂದ ಇಳಿದು ಹೋದವು. ಆ ವರ್ಷ ಊರಿನಿಂದ ಒಬ್ಬನೂ ಕಾಲುವೆಗೆ ಹೋಗಲಿಲ್ಲ. ಊರಿನವರು ಹೆತೆಪಿಯ ಮನೆಗೆ ತಿಂಗಳುಗಟ್ಟಲೆ ಮೀನು ತಂದುಕೊಟ್ಟರು. ಖುನೇಸನಿಗೆ ಪೇಟೆಯಲ್ಲಿ ಅಧಿಕಾರಿಯ ಮುಂದೆ ಇಪ್ಪತ್ತೈದು ಬೆತ್ತದೇಟು ಬಿದ್ದವು.

“ಅವರ ಕೈಗೆ ನಮ್ಮ ಬೋಗುಣಿ ಸಿಕ್ಕರೆ,” ಎಂದ ಶೆಮಾಯಿ, “ಹೆತೆಪಿಗೆ ಏನು ಓದಿ ಹೇಳ್ತಾರೋ.”

“ನಿನ್ನ ಗಂಡ ನೀನು ಸತ್ತ ಖುಷಿಗೆ ಊರಿಗೆಲ್ಲ ಊಟ ಹಾಕಿಸಿದ ಅಂತ ಓದ್ತಾನೆ,” ಎಂದ ಇಕೇರ. “ನನಗೆ ಗೊತ್ತಿಲ್ವಾ ಆ ಮುದುಕ.”

ಆಗ ಬರುವುದು ಬರೀ ಚೇಳಾಗಿರುವುದಿಲ್ಲ ಎಂದುಕೊಂಡ ಶೆಮಾಯಿ.

ಮಧ್ಯಾಹ್ನ ದೆದಿಯ ಮನೆಗೆ ಹೋಗಿ ಹೇಳಿದಾಗ ಅವಳು ಹೆಂಡ ಹುಳಿಸಲು ನೀರಿನಲ್ಲಿ ರೊಟ್ಟಿ ಹಿಸುಕುತ್ತಿದ್ದಳು. ಪೂರ್ತಿ ಕೇಳಿದಳು. ಕೈ ತೊಳೆದುಕೊಂಡು, ಹೊಸ ಬೋಗುಣಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಜೊತೆ ಲಿಪಿಕಾರನ ಹತ್ತಿರ ಹೊರಟಳು. ಇಕೇರ ಬರಿಮೈಯಲ್ಲಿ ಅಂಗಳದಲ್ಲಿ ಓಡಾಡುತ್ತಿದ್ದ ಮಗುವಾಗಿದ್ದ ಕಾಲದಿಂದ ಅವಳು ಅವನನ್ನು ಕಂಡವಳು. ಊರಿನಲ್ಲಿ ಅವನನ್ನು ನೀನು ಎನ್ನುತ್ತಿದ್ದವಳು ಅವಳೊಬ್ಬಳೇ. ಅವನು ಅದನ್ನು ಕೇಳಿಸದವನಂತೆ ಇರುತ್ತಿದ್ದ.

“ಇಕೇರಾ, ಓದೋನು ಅವನೊಬ್ಬನೇ ಅಂದಮೇಲೆ ಮೊದಲು ಅವನಿಗೆ ಬರಿ. ಬೋಗುಣಿ ಹೊರಗಡೆ ಎರಡು ಸಾಲು, ಅವನನ್ನ ಹೊಗಳಿ. ಒಳಗಡೆ ಹೆತೆಪಿಗೆ. ಇದನ್ನ ಇದ್ದ ಹಾಗೇ ಓದಿ ಹೇಳಪ್ಪಾ, ನಿನ್ನಂಥ ಲಿಪಿಕಾರ ಇರಲಿಲ್ಲ ಅಂತ.”

“ನಾನು ಬರೆಯೋದಿಲ್ಲ.”

“ಯಾಕೆ?”

“ನಿನ್ನಂಥ ಲಿಪಿಕಾರ ಇರಲಿಲ್ಲ ಅಂತ ನಾನು ಬರೆದರೆ ನಾನೇನಾದಂಗಾಯ್ತು? ನಾಳೆ ಊರಿನವರು ಕೇಳಲ್ವಾ? ಆ ಮುದುಕ ನನ್ನ ಬೆನ್ನ ಮೇಲೆ ಬರೆದಷ್ಟು ಹಾಳೆ ಮೇಲೆ ಬರೆದವನಲ್ಲ. ಹನ್ನೆರಡು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ಚೆನ್ನಾಗಿದೆ ಅಂದಿಲ್ಲ ನನಗೆ.”

“ಊರಿನವರಿಗೆ ಓದೋಕೆ ಬರೋದಿಲ್ಲವಲ್ಲ. ನೀನು ಏನು ಬರೆದೆ ಅಂತ ಅವರಿಗೇನು ಗೊತ್ತಾಗ್ತದೆ?”

ಇಕೇರನ ದೊಡ್ಡಸ್ತಿಕೆಯೆಲ್ಲ ನಿಂತಿದ್ದ ಜಾಗದಿಂದಲೇ ಏಟು ಬಿದ್ದಿತ್ತು. ಶೆಮಾಯಿ ನೆಲದ ಕಡೆ ನೋಡುತ್ತ ಕೂತಿದ್ದ, ನಗು ಬಂದರೆ ಕೆಲಸ ಕೆಡುತ್ತದೆ ಎಂದು.

“ಹೊಗಳೋಕೆ ಏನಾದರೂ ಇರಬೇಕಲ್ಲ,” ಎಂದು ಇಕೇರ ಇನ್ನೊಂದು ದಾರಿ ಹಿಡಿದ. “ಸುಳ್ಳು ಬರೆದರೆ ತೋತ್ ದೇವರು ಲೇಖನಿ ಮುರೀತಾನೆ.”

“ನಿಜವಾದ್ದೇ ಬರಿ. ಒಂದಾದರೂ ಇದ್ದೀತು, ಯೋಚನೆ ಮಾಡು.”

ಅವನು ಬಹಳ ಹೊತ್ತು ಯೋಚಿಸಿದ. ಅತ್ತಿಮರದಿಂದ ಎರಡು ಹಣ್ಣು ಉದುರಿದವು. ಬೀದಿಯಲ್ಲಿ ಹುಲ್ಲುಹೊರೆಯ ಕತ್ತೆಗಳು ಹೋದವು.

“ಗೂಬೆ,” ಎಂದ ಕೊನೆಗೆ.

“ಏನು ಗೂಬೆ?”

“ನಮ್ಮ ಬರಹದಲ್ಲಿ ಒಂದು ಗೂಬೆ ಬರ್ತದೆ. ಕಲ್ಲಿನ ಮೇಲೆ ಕೆತ್ತೋರಿಗೆ ಅಂತ ಅವನು ಕೆಂಪು ಮಸೀಲಿ ಬರೆದುಕೊಡ್ತಿದ್ದ. ನಮ್ಮ ಗೂಬೆಗಳೆಲ್ಲ ಕೋಳಿ ಥರ ಇರ್ತವೆ. ಅವನ ಗೂಬೆ... ನಾವು ಎಲ್ಲಿ ನಿಂತರೂ ನಮ್ಮನ್ನೇ ನೋಡೋದು. ಎರಡೇ ಗೀಟಲ್ಲಿ ಬೆನ್ನು ಎಳೀತಿದ್ದ. ಎರಡೇ ಗೀಟು.”

“ಅದನ್ನ ಬರಿ,” ಎಂದಳು ದೆದಿ.

ಇಕೇರ ಬೋಗುಣಿ ಕೈಗೆ ತೆಗೆದುಕೊಂಡ. ಗೂಬೆಯ ಬಗ್ಗೆ ಒಂದು ಸಾಲು ಬರೆದ. ತಲೆಯೆತ್ತಿ, “ಮಸಿ ಕಲಸೋದರಲ್ಲಿ ಮಾತ್ರ ಅವನನ್ನ ಮೀರಿಸೋರು ಪೇಟೇಲೂ ಇರಲಿಲ್ಲ,” ಎಂದು ಇನ್ನೊಂದು ಸಾಲು ಬರೆದ. ಮಂಜು ಕವಿದ ದಿನವೂ ಮುದುಕನ ಸಾಲು ನೇಗಿಲ ಸಾಲಿನಂತೆ ನೇರ ಇರುತ್ತಿತ್ತಂತೆ, ಅದಕ್ಕೊಂದು ಸಾಲು. ಕಣ್ಣು ಮಂಜಾದ ಮೇಲೂ ಬೆರಳಿಂದ ಅಳತೆ ಹಿಡಿದು ಬರೆಯುತ್ತಿದ್ದನಂತೆ, ಅದಕ್ಕೆರಡು. ಶೆಮಾಯಿ ನೋಡುತ್ತಿದ್ದ ಹಾಗೆ ಹೊರಮೈ ತುಂಬಿತು. ಇಕೇರ ಬೋಗುಣಿಯನ್ನು ಮಗುಚಿ ಒಳಗಿನ ಅಂಚಿನಿಂದ ಮುಂದುವರಿಸಿದ. ಬೆವರು ಮೂಗಿನ ತುದಿಗೆ ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ. ಒಂದು ಕಡೆ ಉಗುಳು ಹಚ್ಚಿ ಅಕ್ಷರವೊಂದನ್ನು ಅಳಿಸಿ, “ಈ ಹಕ್ಕಿ ಕಾಲು ನೋಡಿದರೆ ಮುದುಕ ಬೆನ್ನು ಸುಲೀತಾನೆ,” ಎಂದು ಗೊಣಗಿ ಮತ್ತೆ ಬರೆದ.

“ಇಕೇರಾ,” ಎಂದಳು ದೆದಿ.

“ತಡಿ.”

“ಇಕೇರಾ, ಜಾಗ.”

ಅವನು ನಿಲ್ಲಿಸಿ ನೋಡಿದ. ಬೋಗುಣಿಯ ತಳದಲ್ಲಿ ಮೂರು ಬೆರಳಗಲ ಉಳಿದಿತ್ತು.

ಮೂವರೂ ಬಗ್ಗಿ ಆ ಮೂರು ಬೆರಳಗಲವನ್ನು ನೋಡಿದರು.

“ಇನ್ನೊಂದು ಬೋಗುಣಿ ತಂದರೆ?” ಎಂದ ಶೆಮಾಯಿ.

“ಆಗೋದಿಲ್ಲ,” ಎಂದ ಇಕೇರ. ಅವನ ಮುಖ ಕೆಂಪಾಗಿತ್ತು. “ಎರಡು ಬೋಗುಣಿ ಇಟ್ಟರೆ ಮುದುಕ ತನ್ನದನ್ನ ಓದಿಕೊಂಡು ಮಲಗ್ತಾನೆ, ನಿಂದನ್ನ ಮುಟ್ಟೋದಿಲ್ಲ. ಒಂದರಲ್ಲೇ ಇದ್ದರೆ ತನ್ನ ಹೊಗಳಿಕೆ ಓದ್ತಾ ಓದ್ತಾ ತಳಕ್ಕೆ ಬಂದು ಬೀಳ್ತಾನೆ. ಆಮೇಲೆ ತಪ್ಪಿಸ್ಕೊಳ್ಳೋಕಾಗಲ್ಲ. ಹೇಳು, ಚಿಕ್ಕದಾಗಿ ಹೇಳು. ಒಕ್ಕಣೆ ಬಿಡ್ತೀನಿ.”

ಒಕ್ಕಣೆ ಬಿಡುತ್ತೇನೆ ಎಂದು ಲಿಪಿಕಾರನೊಬ್ಬ ಹೇಳಿದ್ದನ್ನು ಪೆರ್ಖೇನಿನಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಶೆಮಾಯಿಗೆ ಆ ಕಡೆ ಗಮನವಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹೆತೆಪಿಗೆ ಹೇಳಬೇಕೆಂದು ಶುರುಮಾಡಿ ಮುಗಿಸದೆ ಬಿಟ್ಟ ಮಾತುಗಳು ಒಂದು ಕಣಜ ತುಂಬುವಷ್ಟಿದ್ದವು. ಈಗ ಅವಳು ನಡುವೆ ಬಾಯಿ ಹಾಕುವ ಹಾಗಿಲ್ಲ, ಜಾಗವೇ ಇಲ್ಲ.

“ಹೆತೆಪಿ, ನಾನು ಶೆಮಾಯಿ,” ಎಂದ. “ದೆದಿ ಬರಲಾ?”

ಇಕೇರ ಕಾದ. “ಅಷ್ಟೇನಾ?”

“ಅಷ್ಟೇ.”

ಅಷ್ಟನ್ನು ಬರೆದ ಮೇಲೂ ಒಂದು ಬೆರಳಗಲ ಉಳಿಯಿತು.

ಮಸಿ ಎರಡು ದಿನ ಒಣಗಲಿ ಎಂದ ಇಕೇರ. ಆಮೇಲಿನ ದಿನ ಒಳ್ಳೆಯದಲ್ಲ, ಅದರ ಆಮೇಲಿನದು ಅದಕ್ಕಿಂತ ಕೆಟ್ಟದು ಎಂದು ಪಂಚಾಂಗ ತಿರುವಿದ. ಹೀಗೆ ಆರು ದಿನ ಹೋಯಿತು. ಆರನೆಯ ದಿನ ಬೆಳಿಗ್ಗೆ ಬಿಸಿಲು ಏರುವ ಮೊದಲು ಮೂವರೂ ಗುಡ್ಡ ಹತ್ತಿದರು. ಬೋಗುಣಿಯಲ್ಲಿ ಬೇಳೆಯ ಗಂಜಿ, ಅದರ ಮೇಲೆ ರೊಟ್ಟಿ, ಅದರ ಮೇಲೆ ಎರಡು ಈರುಳ್ಳಿ. ಹೆಂಡದ ಮಡಕೆ ಶೆಮಾಯಿಯ ಹೆಗಲ ಮೇಲೆ. ಇಕೇರ ತನ್ನ ಮಸಿಹಲಗೆಯನ್ನು ಬಿಟ್ಟು ಏನನ್ನೂ ಹೊರುವವನಲ್ಲ, ಹೊರಲಿಲ್ಲ. ಆದರೂ ಎಲ್ಲರಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದವನು ಅವನೇ.

ಖುನೇಸನ ಗೋರಿ ಗುಡ್ಡದ ಮೇಲ್ಗಡೆ ಇತ್ತು, ಬಾಗಿಲಿಗೊಂದು ಕಲ್ಲು ನಿಲ್ಲಿಸಿದ್ದರು. ಇಕೇರ ಅದರ ಮುಂದೆ ಬಟ್ಟೆಯ ಮಡಿಕೆ ಸರಿಮಾಡಿಕೊಂಡು ನಿಂತು, ಬೋಗುಣಿಯನ್ನು ತಿರುಗಿಸುತ್ತ ಹೊರಮೈಯನ್ನು ಜೋರಾಗಿ ಓದಿದ. ಒಳಗಿನದು ಗಂಜಿಯ ಅಡಿಯಲ್ಲಿತ್ತು, ಅದನ್ನು ಬಾಯಿಪಾಠ ಹೇಳಿದ. ಗೂಬೆಯ ಸಾಲು ಓದುವಾಗ ಮಾತ್ರ ಅವನ ದನಿ ಸ್ವಲ್ಪ ಕೆಳಗಿಳಿದಿತ್ತು. ಶೆಮಾಯಿ ಆ ಕಡೆ ಬೆನ್ನು ಮಾಡಿ ನಿಂತು, ಕೆಳಗೆ ಹೊಲಗಳನ್ನೂ ಹೊಳೆಯನ್ನೂ ನೋಡಿದ. ನೀರು ಹಸಿರಾಗತೊಡಗಿತ್ತು. ಏರುವುದಕ್ಕೆ ಇನ್ನು ಹೆಚ್ಚು ದಿನವಿಲ್ಲ.

ಒಂದಿಷ್ಟು ಹೆಂಡ ಕಲ್ಲಿನ ಬುಡಕ್ಕೆ ಸುರಿದು ಹೆತೆಪಿಯ ಗೋರಿಗೆ ಇಳಿದರು. ಅದು ಗುಂಡಿ ತೋಡಿ ಕಲ್ಲು ಗುಡ್ಡೆ ಹಾಕಿದ್ದು. ಶೆಮಾಯಿ ಬೋಗುಣಿಯನ್ನು ಇಟ್ಟು ಸುತ್ತ ಮರಳು ಒತ್ತಿದ.

“ಇನ್ನು ಏಳು ದಿನ ಕಾಯಬೇಕು,” ಎಂದ ಇಕೇರ. “ಅವಳು ಕನಸಲ್ಲಿ ಬಂದು ಹೇಳ್ತಾಳೆ. ಅದು ಶಾಸ್ತ್ರ.”

“ದೋಣಿ ನಾಕು ದಿನಕ್ಕೆ ಬರ್ತದೆ,” ಎಂದಳು ದೆದಿ.

“ಶಾಸ್ತ್ರ ದೋಣಿ ನೋಡ್ಕೊಂಡು ನಡಿಯಲ್ಲ.”

ದೆದಿ ಶೆಮಾಯಿಯ ಕಡೆ ನೋಡಿದಳು. ಏಳಕ್ಕೆ ನಾಲ್ಕು ಸಾಲದು ಎಂಬುದು ಬರಹ ಬಾರದವನಿಗೂ ಗೊತ್ತು. ದೆದಿ ಎಳೆಯುವ ಕಾಲನ್ನು ಮಡಿಸಿಕೊಂಡು ಕಲ್ಲುಗುಡ್ಡೆಯ ಪಕ್ಕದಲ್ಲಿ, ಬಾವಿಯ ಕಟ್ಟೆಯ ಹತ್ತಿರ ಕೂರುವ ಹಾಗೆ, ಕೂತಳು.

“ಹೆತೆಪೀ,” ಎಂದಳು. “ನಾನು ಕಣೇ, ಕಾಲುವೆ ಆಚೆ ದೆದಿ.”

“ಏನು ಮಾಡ್ತಿದೀಯ?” ಎಂದ ಇಕೇರ.

“ಮಾತಾಡ್ತಿದೀನಿ.”

“ಬರೆಯದ ಮಾತು ಅಲ್ಲಿಗೆ ಮುಟ್ಟೋದಿಲ್ಲ. ಗಾಳಿಗೆ ಹೋಗ್ತದೆ.”

“ಹಂಗಾದರೆ ಬರ್ಕೋ. ನಾವು ಮಾತಾಡ್ತಿರ್ತೀವಿ.”

ಇಕೇರ ಅತ್ತ ಇತ್ತ ನೋಡಿ, ಅಂಗೈಯಗಲದ ಕಲ್ಲಿನ ಚಕ್ಕೆಯೊಂದನ್ನು ಹೆಕ್ಕಿಕೊಂಡು, ಚಾಪೆಯಿಲ್ಲದೆ, ಮರಳಿನ ಮೇಲೆಯೇ ಕೂತ.

“ಹೆತೆಪೀ, ಮಡಕೆ ಒಡೆದೆ, ಬಾತು ಬಿಟ್ಟೆ, ಚೇಳು ಬಿಟ್ಟೆ. ನನಗೆ ಸಿಟ್ಟಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಹಾವು ಬಿಡ್ತಿದ್ದೆ. ಆದರೆ ಒಂದ್ಸಲ ಇವನನ್ನ ನೋಡು. ಬಟ್ಟೆ ಒಗೀತಾನೇನೋ, ಹಿಂಡೋದಿಲ್ಲ. ಹಂಗೇ ಉಟ್ಕೊಂಡು ಹೊಲಕ್ಕೆ ಹೋಗ್ತಾನೆ. ಮೂರು ವರ್ಷದಿಂದ ಮೂರು ಹೊತ್ತೂ ಈರುಳ್ಳಿ, ರೊಟ್ಟಿ.”

“ನಿಧಾನ,” ಎಂದ ಇಕೇರ. “ಹಿಂಡೋದಿಲ್ಲ, ಆಮೇಲೆ?”

“ಹಿಮ್ಮಡಿ ಒಡೆದು ಬಾಯಿ ಬಿಟ್ಟಿದೆ. ನೀನು ಹಚ್ಚುತಿದ್ದ ಕೊಬ್ಬು ಯಾವುದು ಅಂತ ಕೇಳಿದರೆ ಗೊತ್ತಿಲ್ಲ ಅಂತಾನೆ. ನಿದ್ದೇಲಿ ಎತ್ತನ್ನ ಕರೀತಾನಂತೆ, ನಿನ್ನ ಹೆಸರಲ್ಲ. ಹಬ್ಬ ಹಬ್ಬಕ್ಕೂ ನಾನೇ ಬಂದು ನಿನಗೆ ಹೆಂಡ ಎರೀತೀನಿ. ನನ್ನ ಹೆಂಡ ಹೆಂಗಿರ್ತದೆ ಅಂತ ನಿನಗೆ ಗೊತ್ತು, ಬೇಲಿ ಸಂದೀಲಿ ಎಷ್ಟು ಸಲ ಇಸ್ಕೊಂಡು ಕುಡಿದಿದೀಯ.”

ಶೆಮಾಯಿ ತಲೆಯೆತ್ತಿದ. ಇದು ಅವನಿಗೆ ಹೊಸ ಸುದ್ದಿ. ತನ್ನ ಹೆಂಡವನ್ನು ಬಿಟ್ಟು ಬೇರೆಯವರದ್ದನ್ನು ಹೊಗಳಿದರೆ ಹೆತೆಪಿ ಮೂರು ದಿನ ಮುಖ ತಿರುಗಿಸುತ್ತಿದ್ದಳು.

“ಚಕ್ಕೆ ತುಂಬಿತು,” ಎಂದ ಇಕೇರ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಇನ್ನೊಂದು ಚಕ್ಕೆ ಹುಡುಕಲು ಮೊಣಕಾಲ ಮೇಲೆ ತೆವಳಿದ. ಬಿಳಿಬಟ್ಟೆಯ ಮಡಿಕೆಗಳೆಲ್ಲ ಮುರಿದು ಮಣ್ಣಾಗಿದ್ದವು.

“ಇನ್ನೊಂದು ಹೇಳ್ತೀನಿ, ಆಮೇಲೆ ನೀನುಂಟು ನಾನುಂಟು,” ಎಂದಳು ದೆದಿ. ದನಿ ಸ್ವಲ್ಪ ಗಟ್ಟಿಮಾಡಿಕೊಂಡಳು. “ನಿನ್ನ ಒಲೆ ಇದೆಯಲ್ಲ, ಗಾಳಿಗೆ ಎದುರಾಗಿ ಹಾಕಿದೀಯ. ಹೊಗೆಯೆಲ್ಲ ಮನೆಯೊಳಗೇ. ನಾನು ಬಂದರೆ ಮೊದಲ ದಿನವೇ ಅದನ್ನ ಕಿತ್ತು ಬಡಗಣ ಗೋಡೆ ಹತ್ರ ಹಾಕ್ತೀನಿ.”

ಆ ಒಲೆಯ ವಿಷಯದಲ್ಲಿ ಹೆತೆಪಿಯ ತಾಯಿ ಒಮ್ಮೆ ಬಾಯಿಬಿಟ್ಟು, ಮುಂದಿನ ನಾಲ್ಕು ಹಬ್ಬಕ್ಕೆ ಆ ಮನೆಗೆ ಕಾಲಿಟ್ಟಿರಲಿಲ್ಲ. ಶೆಮಾಯಿಯ ಕಣ್ಣು ತಾನಾಗಿ ಕಲ್ಲುಗುಡ್ಡೆಯ ಸಂದುಗಳ ಕಡೆ ಹೋಯಿತು. ಚೇಳಿಲ್ಲ. ಮೇಲೆ ನೋಡಿದ. ಹದ್ದಿಲ್ಲ. ಹೆಂಡದ ಮಡಕೆಯನ್ನು ತಡವಿ ನೋಡಿದ. ಬಿರುಕಿಲ್ಲ.

ಮೂವರೂ ಕಾದರು. ನೆರಳು ಕಲ್ಲುಗುಡ್ಡೆಯ ಬುಡಕ್ಕೆ ಸರಿಯಿತು. ಕೆಳಗೆ ಯಾರದೋ ಹೊಲದಲ್ಲಿ ಏತದ ಕೂಗು ಕೇಳಿ ನಿಂತಿತು. ಗುಡ್ಡದ ಮೇಲೆ ಎಲ್ಲಿಯೂ ಏನೂ ಅಲ್ಲಾಡಲಿಲ್ಲ.

“ದೆದಿ,” ಎಂದ ಶೆಮಾಯಿ ಮೆಲ್ಲಗೆ. “ಒಪ್ಪಿದಳು.”

“ಹೆಂಗೆ ಹೇಳ್ತೀಯ? ಏನೂ ಹೇಳಲಿಲ್ಲವಲ್ಲ.”

“ಅದೇ ಮತ್ತೆ. ಇಪ್ಪತ್ತೆರಡು ವರ್ಷ ನೋಡಿದೀನಿ ನಾನು. ಬೇಡ ಅನ್ನೋದಾದರೆ ಇಷ್ಟು ಹೊತ್ತು ಸುಮ್ಮನಿರೋ ಹೆಂಗಸಲ್ಲ ಅವಳು. ಅದೂ ಒಲೆ ವಿಷಯಕ್ಕೆ.”

ದೆದಿ ಅವನ ಮಾತು ಮುಗಿಯುವ ತನಕ ಕಾದಳು. ಆಮೇಲೆ ಕಲ್ಲುಗುಡ್ಡೆಯ ಮೇಲೆ ಎರಡು ಸಲ, ಅಕ್ಕನ ತೊಡೆಯ ಮೇಲೆ ತಟ್ಟುವ ಹಾಗೆ ತಟ್ಟಿ, ಎದ್ದು ಮೆತ್ತಿಕೊಂಡಿದ್ದ ಮರಳು ಕೊಡವಿಕೊಂಡಳು.

“ಇದನ್ನ ಏನಂತ ಬರೀಲಿ?” ಎಂದ ಇಕೇರ ಮೂರನೆಯ ಚಕ್ಕೆ ಹಿಡಿದುಕೊಂಡು. “ಸುಮ್ಮನಿದ್ದಳು ಅನ್ನೋದಕ್ಕೆ ಒಕ್ಕಣೆ ಇಲ್ಲ. ನನಗೆ ಕಲಿಸಿಲ್ಲ ಅವನು.”

“ಬರೀಬೇಡಿ ಅಯ್ಯಾ,” ಎಂದ ಶೆಮಾಯಿ. “ಬರೆದರೆ ಖುನೇಸಯ್ಯನೋರ ಹತ್ರ ಓದಿಸ್ಕೊತಾಳೆ. ಓದಿಸ್ಕೊಂಡರೆ ಮತ್ತೆ ಯೋಚನೆ ಮಾಡ್ತಾಳೆ.”

ಇಕೇರ ಚಕ್ಕೆಯನ್ನು ಕೆಳಗಿಟ್ಟ.

ನಾಲ್ಕನೆಯ ದಿನ ನಖ್ತನ ದೋಣಿ ಬಂತು. ಅವನು ಅಕ್ಕನ ಹೆಂಡದ ಮನೆಗೆ ಹೋಗಿ, ಅಲ್ಲಿ ಬಾಗಿಲು ಹಾಕಿದ್ದು ಕಂಡು, ಕೇಳಿಕೊಂಡು ಶೆಮಾಯಿಯ ಅಂಗಳಕ್ಕೆ ಬಂದ. ದೆದಿ ಮೊಣಕೈಯವರೆಗೆ ಮಣ್ಣು ಮಾಡಿಕೊಂಡು ಬಡಗಣ ಗೋಡೆಯ ಹತ್ತಿರ ಕೂತಿದ್ದಳು. ಶೆಮಾಯಿ ಹೊಟ್ಟು ಬೆರೆಸಿದ ಮಣ್ಣನ್ನು ತುಳಿಯುತ್ತಿದ್ದ. ಹೆಬ್ಬಾತನ್ನು ಬುಟ್ಟಿಯಡಿ ಕವುಚಿಹಾಕಿ ಮೇಲೊಂದು ಕಲ್ಲು ಹೇರಿದ್ದರು, ಅದು ಒಳಗಿನಿಂದ ಬೈಯುತ್ತಿತ್ತು.

“ಹಂಗಾದರೆ ನೀನು ಬರೋದಿಲ್ಲವಾ ಅಕ್ಕಾ?” ಎಂದ ನಖ್ತ.

“ನಿನಗೆ ಹೆಂಗಸು ಬೇಕು, ಅಕ್ಕ ಅಲ್ಲ. ಸೆನಿ ಮಗಳು ಗಂಡನ್ನ ಬಿಟ್ಟು ಬಂದಿದಾಳೆ, ಮಕ್ಕಳು ಅಂದ್ರೆ ಜೀವ ಅವಳಿಗೆ. ಸಂಜೆ ಕರ್ಕೊಂಡು ಹೋಗಿ ತೋರಿಸ್ತೀನಿ.”

“ಅಲ್ಲಾ, ಈ ಮನೆಯೋಳು ಒಪ್ಪಿದಳಾ? ಬರೆಸಿದ್ರಂತಲ್ಲ, ಏನಂತ ಉತ್ತರ ಬಂತು?”

“ಸೆನಿ ಮಗಳಿಗೆ ಬರೆಸೋದು ಬೇಡ, ಬದುಕಿದಾಳೆ,” ಎಂದಳು ದೆದಿ. “ಈ ಮಣ್ಣು ಒಣಗ್ತಾ ಇದೆ. ನಿಂತೇ ಇರೋದಾದರೆ ಬಂದು ಆ ಕಡೆಯಿಂದ ನೀನೂ ತುಳಿ.”

ನಖ್ತ ಚಪ್ಪಲಿ ಬಿಟ್ಟು ಮಣ್ಣಿಗೆ ಇಳಿದ. ಶೆಮಾಯಿ ಅವನಿಗೆ ಜಾಗ ಬಿಟ್ಟು ಒಂದು ಹೆಜ್ಜೆ ಸರಿದು, ಹೊಟ್ಟು ಇನ್ನೂ ಸ್ವಲ್ಪ ಬೇಕೇನೋ ಎಂದು ಬಗ್ಗಿ ನೋಡಿದ.